ಎರಡನೆಯ ಗೆರೆ: ಕೊಡಗಿನಲ್ಲಿ ಅನ್ನ, ಮಾಂಸ, ಮೈಲಿಗೆ

ನಮ್ಮ ವಿಶ್ವವಿದ್ಯಾಲಯಗಳ ಸಮಾಜಶಾಸ್ತ್ರದ ಪಠ್ಯದಲ್ಲಿ ಕೊಡಗಿಗೆ ಒಂದು ಖಾಯಂ ಜಾಗ ಇದೆ. ಆ ಜಾಗ ಕೊಡಿಸಿದ್ದು 1952ರಲ್ಲಿ ಆಕ್ಸ್‌ಫರ್ಡಿನಿಂದ ಬಂದ, ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಎಂ.ಎನ್. ಶ್ರೀನಿವಾಸ್ ಅವರ ಪುಸ್ತಕ. ‘ಸಂಸ್ಕೃತೀಕರಣ’ ಎಂಬ ಮಾತು ದೇಶದ ತುಂಬ ಓಡಾಡತೊಡಗಿದ್ದು ಅದರಿಂದಲೇ. ಕೆಳಗಿನ ಜಾತಿಯೊಂದು ಮಾಂಸ ಬಿಟ್ಟು, ಹೆಂಡ ಬಿಟ್ಟು, ತನ್ನ ದೇವರು ದಿಂಡರುಗಳನ್ನು ಬ್ರಾಹ್ಮಣರ ರೀತಿಗೆ ತಿದ್ದಿಕೊಂಡರೆ ಒಂದೆರಡು ತಲೆಮಾರಿನಲ್ಲಿ ಒಂದು ಮೆಟ್ಟಿಲು ಮೇಲೆ ಹತ್ತಬಹುದು ಎನ್ನುವುದು ಅದರ ಸಾರ. ಬಿ.ಎ. ಮಕ್ಕಳು ಇದನ್ನು ಐದು ಅಂಕದ ಟಿಪ್ಪಣಿಯಾಗಿ ಬರೆಯುತ್ತಾರೆ, ನಾವು ಅಂಕ ಕೊಡುತ್ತೇವೆ. ಕೊಡಗಿನ ಕಾಲೇಜೊಂದರಲ್ಲಿ ಈ ಪಾಠ ಮಾಡುವ ನನಗೆ ಪ್ರತಿವರ್ಷ ಒಂದು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಊಟವನ್ನು ಏಣಿ ಮಾಡಿದ ಈ ಸಿದ್ಧಾಂತ ಹುಟ್ಟಬೇಕಾದರೆ ಹಂದಿ ಮಾಂಸ ತಿಂದು, ಹೆಂಡ ಕುಡಿದು, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಜನ ನೆಲದ ಯಜಮಾನರಾಗಿರುವ ಕೊಡಗೇ ಬೇಕಾಯಿತೆ?

ಶ್ರೀನಿವಾಸ್ ಈ ವಿಚಿತ್ರವನ್ನು ಕಾಣದವರೇನಲ್ಲ. ಪಂದಿ ಕರಿ, ಕಡಂಬುಟ್ಟು, ಹೆಂಡ ಇಲ್ಲದೆ ಕೈಲ್‌ಪೋಳ್ದ್ ಇಲ್ಲ, ಮದುವೆ ಇಲ್ಲ. ಹಾಗಿದ್ದೂ ಕೊಡವರು ತಮ್ಮನ್ನು ಕ್ಷತ್ರಿಯರೆಂದು ಕರೆದುಕೊಂಡರು, ಊರು ಒಪ್ಪಿಕೊಂಡಿತು. ಅವರಲ್ಲೇ ಒಂದು ಸಣ್ಣ ಗುಂಪು, ಅಮ್ಮ ಕೊಡವರು, ಬ್ರಾಹ್ಮಣರ ಪ್ರಭಾವಕ್ಕೆ ಒಳಗಾಗಿ ಮಾಂಸ ಮದ್ಯ ಬಿಟ್ಟು, ಜನಿವಾರ ಹಾಕಿಕೊಂಡು, ಹೆಣ್ಣು ಕೊಟ್ಟು ತರುವುದರಲ್ಲೂ ಬೇರೆಯಾದರು. ಪಠ್ಯಪುಸ್ತಕಗಳಿಗೆ ಈ ಅಮ್ಮ ಕೊಡವರೆಂದರೆ ಬಹಳ ಇಷ್ಟ; ಉದಾಹರಣೆ ತಯಾರಾಗಿ ಸಿಕ್ಕಿತಲ್ಲ! ಆದರೆ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಲೆಕ್ಕ ತಪ್ಪುತ್ತದೆ. 17ನೇ ಶತಮಾನದ ಮೊದಲ ಭಾಗದಿಂದ 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸುವವರೆಗೆ ಕೊಡಗನ್ನು ಆಳಿದ್ದು ಹಾಲೇರಿ ವಂಶದ ಲಿಂಗಾಯತ ರಾಜರು. ಅರಮನೆಯ ಧರ್ಮ ಮಾಂಸ ಮುಟ್ಟದ ಧರ್ಮ. ಇನ್ನೂರು ವರ್ಷ ಇಂಥ ಸಿಂಹಾಸನದ ಕೆಳಗಿದ್ದೂ ಕೊಡವರು ಹಂದಿ ಬಿಡಲಿಲ್ಲ, ಬಿಡದ್ದರಿಂದ ಅವರ ಮಾನಕ್ಕೆ ಕುಂದೂ ಬರಲಿಲ್ಲ. ಮೇಲೇರುವುದಕ್ಕೆ ಸೊಪ್ಪು ಸದೆಯೇ ಮೆಟ್ಟಿಲಾಗಿದ್ದರೆ ಬಹುಪಾಲು ಕೊಡವರು ಅಮ್ಮ ಕೊಡವರ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ, ಅಗತ್ಯವೂ ಬೀಳಲಿಲ್ಲ. ಅವರ ಕೈಯಲ್ಲಿ ಜಮ್ಮಾ ಭೂಮಿ ಇತ್ತು, ಕೋವಿ ಇತ್ತು.

ಕೋವಿಯ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಯುದ್ಧ ಬಂದರೆ ರಾಜನಿಗೆ ದುಡಿಯುವ ಕರಾರಿನ ಮೇಲೆ, ಕಡಿಮೆ ಕಂದಾಯಕ್ಕೆ, ತಲೆಮಾರಿನಿಂದ ತಲೆಮಾರಿಗೆ ಅನುಭವಿಸಲು ಕೊಟ್ಟ ಹಿಡುವಳಿಯೇ ಜಮ್ಮಾ. ಗದ್ದೆಯ ಜೊತೆಗೆ ಬಾಣೆ, ಅಂದರೆ ಕಾಡಿನ ಪಾಲು, ಬರುತ್ತಿತ್ತು. ಇಂಗ್ಲಿಷರು ಊರೂರಿನ ಆಯುಧ ಕಸಿದುಕೊಂಡ ಕಾಲದಲ್ಲೂ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತದ ಸರ್ಕಾರವೂ ಅದನ್ನು ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ನನ್ನ ತಕರಾರು ವಿನಾಯಿತಿಯ ಮೇಲಲ್ಲ. ಕಾಡುಹಂದಿಗೆ ಗೌರವ ಬಂದ ದಾರಿ ಯಾವುದು ಎಂಬುದು ನನ್ನ ಪ್ರಶ್ನೆ. ಬಾಣೆ ಇದ್ದವನಿಗೆ ಕಾಡು, ಕೋವಿ ಇದ್ದವನಿಗೆ ಬೇಟೆ; ಬೇಟೆ ಎಂದ ಮೇಲೆ ಶೌರ್ಯ, ಶೌರ್ಯದ ಮಾಂಸ ಮೈಲಿಗೆ ಆಗುವುದಾದರೂ ಹೇಗೆ? 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿದೆ. ಈಗ ಮದುವೆ ಮನೆಯ ಪಂದಿ ಕರಿಗೆ ಬರುವುದು ದೊಡ್ಡಿಯಲ್ಲಿ ಸಾಕಿದ ಹಂದಿ. ಆದರೂ ತಟ್ಟೆಗೆ ಬೀಳುವಾಗ ಅದಕ್ಕೆ ಇನ್ನೂ ಕಾಡಿನ ಕೊಂಬು ಮೂಡಿರುತ್ತದೆ.

ನನ್ನ ಅಜ್ಜಿ ಕೆಂಬಟ್ಟಿ ಹೊಲೆಯರವಳು. ದಕ್ಷಿಣ ಕೊಡಗಿನ ಒಂದು ಮನೆಯ ಗದ್ದೆಯಲ್ಲಿ ನೆಟ್ಟಿ ನೆಟ್ಟು, ಅದೇ ಮನೆಯ ತೋಟದಲ್ಲಿ ಕಾಫಿ ಕುಯ್ದು ಮುದುಕಿಯಾದವಳು. ಕೆಂಬಟ್ಟಿಯವರ ಮನೆಮಾತೂ ಕೊಡವ ತಕ್ಕೇ, ಯಜಮಾನರದ್ದೂ ಅದೇ. ಭಾಷೆಗೆ ಮಾತ್ರ ಯಾರೂ ಬೇಲಿ ಹಾಕಲಿಲ್ಲ ಅಂತ ಕಾಣುತ್ತೆ. ಅವಳು ಹೇಳುತ್ತಿದ್ದದ್ದನ್ನು ಕನ್ನಡದಲ್ಲಿ ಬರೆಯುವುದಾದರೆ ಹೀಗೆ: “ಹಂದಿ ಅದೇ ಮಗಾ. ಅವರು ತಿಂದರೆ ಬೇಟೆ, ನಾವು ತಿಂದರೆ ಹೇಲು ತಿನ್ನೋ ಹಂದಿ.” ಸಮಾಜಶಾಸ್ತ್ರದ ಪದವಿ ಕೈಗೆ ಬಂದ ಮೇಲೂ ಇದಕ್ಕಿಂತ ಸರಿಯಾದ ವಿವರಣೆ ನನಗೆ ಸಿಕ್ಕಿಲ್ಲ. ಆ ಮನೆಯಲ್ಲಿ ಅವಳಿಗೆ ಕಾಫಿ ಕೊಡುತ್ತಿದ್ದದ್ದು ತೆಂಗಿನ ಕರಟದಲ್ಲಿ, ಆಮೇಲೆ ಹಿತ್ತಲ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟ ಒಂದು ಅಲ್ಯುಮಿನಿಯಂ ಲೋಟದಲ್ಲಿ. ಆ ಲೋಟ ತೊಳೆಯುವವಳೂ ಅವಳೇ.

ಡಾ. ಅಂಬೇಡ್ಕರ್ ಅವರ ‘ಅಸ್ಪೃಶ್ಯರು: ಅವರು ಯಾರು, ಏಕೆ ಅಸ್ಪೃಶ್ಯರಾದರು’ ಎಂಬ ಪುಸ್ತಕ ಬಂದದ್ದು 1948ರಲ್ಲಿ. ಶ್ರೀನಿವಾಸರ ಪುಸ್ತಕಕ್ಕಿಂತ ನಾಲ್ಕು ವರ್ಷ ಮೊದಲು. ಅದರಲ್ಲಿ ಬಾಬಾಸಾಹೇಬರು ಆಹಾರದ ಮೇಲೆ ಹಿಂದೂ ಸಮಾಜವನ್ನು ಮೂರು ಭಾಗ ಮಾಡುತ್ತಾರೆ: ಮಾಂಸವನ್ನೇ ತಿನ್ನದವರು, ಮಾಂಸ ತಿಂದರೂ ದನ ತಿನ್ನದವರು, ದನ ತಿನ್ನುವವರು. ಮೊದಲನೆಯದು ಬ್ರಾಹ್ಮಣರು, ಎರಡನೆಯದು ಬ್ರಾಹ್ಮಣೇತರರು, ಮೂರನೆಯದು ಅಸ್ಪೃಶ್ಯರು. ಅಂದರೆ ಎರಡು ಗೆರೆಗಳಿವೆ. ಮೊದಲ ಗೆರೆ ಸೊಪ್ಪು ಮತ್ತು ಮಾಂಸದ ನಡುವೆ. ಅದನ್ನು ದಾಟುವುದಕ್ಕೆ ಅವಕಾಶ ಇದೆ: ಬಿಟ್ಟು ಮೇಲೆ ಹೋಗಬಹುದು, ಬಿಡದೆಯೂ ಮಾನದಿಂದ ಇರಬಹುದು. ಎರಡನೆಯ ಗೆರೆ ಮಾಂಸ ಮತ್ತು ಸತ್ತ ದನದ ನಡುವೆ. ಅದರಿಂದ ಆಚೆ ಊರೇ ಇಲ್ಲ, ಕೇರಿ. ಸಂಸ್ಕೃತೀಕರಣದ ಸಿದ್ಧಾಂತ ಕೊಡಗಿಗೆ ಬಂದು ಮೊದಲ ಗೆರೆಯ ಮೇಲೆ ನಿಂತು ಮೇಲಕ್ಕೆ ನೋಡಿತು, ಕೊಡವರಿಂದ ಬ್ರಾಹ್ಮಣರ ಕಡೆಗೆ. ಅದೇ ಊರಿನಲ್ಲಿ ಅದೇ ಹೊತ್ತಿಗೆ ಕೊಡವರಿಂದ ಕೆಳಕ್ಕೆ, ಪೊಲೆಯರ ಕಡೆಗೆ ನೋಡಿದ್ದರೆ ಬೇರೆಯೇ ಪುಸ್ತಕ ಆಗುತ್ತಿತ್ತು. ಪೊಲೆಯರು ಆ ಗ್ರಂಥದಲ್ಲಿ ಇಲ್ಲ ಎಂದಲ್ಲ. ಕೊಟ್ಟು ಬಾರಿಸುವವರಾಗಿ, ಹಬ್ಬದ ಊಳಿಗದವರಾಗಿ ಇದ್ದಾರೆ. ರ‍್ಯಾಡ್‌ಕ್ಲಿಫ್ ಬ್ರೌನ್ ಮುನ್ನುಡಿ ಬರೆದ ಪುಸ್ತಕ ಅದು. ಆ ಪಂಥದಲ್ಲಿ ಪ್ರತಿಯೊಬ್ಬನಿಗೂ ಒಂದು ಕೆಲಸ ಇದ್ದರೆ ಸಮಾಜದಲ್ಲಿ ಸಾಮರಸ್ಯ ಇದೆ ಅಂತ ಅರ್ಥ. ಕೆಲಸ ಒಲ್ಲೆ ಎಂದವನಿಗೆ ಏನಾಗುತ್ತಿತ್ತು ಎಂದು ಕೇಳುವುದಕ್ಕೆ ಆ ಚೌಕಟ್ಟಿನಲ್ಲಿ ಜಾಗ ಇಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಶ್ರೀನಿವಾಸ್ ಆಮೇಲೆ ಮೈಸೂರು ಸೀಮೆಯ ರಾಂಪುರದಲ್ಲಿ ಭೂಮಿಯನ್ನು ಕಂಡರು, ‘ಪ್ರಬಲ ಜಾತಿ’ ಎಂಬ ಮಾತನ್ನು ತಂದರು. 1966ರ ಪುಸ್ತಕದಲ್ಲಿ ಬ್ರಾಹ್ಮಣ ಮಾದರಿ ಒಂದೇ ಅಲ್ಲ, ಕ್ಷತ್ರಿಯ, ವೈಶ್ಯ, ಶೂದ್ರ ಮಾದರಿಗಳೂ ಉಂಟು ಎಂದು ತಿದ್ದಿಕೊಂಡರು. ನಮ್ಮ ಪಠ್ಯಗಳು ಮಾತ್ರ 1952ರಲ್ಲೇ ನಿಂತಿವೆ.

ಈಗ ಎರಡನೆಯ ಗೆರೆಯ ಕಡೆ ಬರೋಣ. ಆ ಗೆರೆ ಎಲ್ಲಿಂದ ಬಂತು ಅಂತ ಕೊಡಗಿನಲ್ಲಿ ಕೇಳಿದರೆ ಶಾಸ್ತ್ರಕ್ಕಿಂತ ಮೊದಲು ಗದ್ದೆಗೆ ಇಳಿಯಬೇಕಾಗುತ್ತದೆ. ಕೊಡಗಿನ ಹೊಲೆಯರೂ ಯರವರೂ ಗುಲಾಮರಾಗಿದ್ದರು. ‘ಗುಲಾಮರಂತೆ’ ಅಲ್ಲ, ಗುಲಾಮರು. 19ನೇ ಶತಮಾನದ ಇಂಗ್ಲಿಷರ ದಾಖಲೆಗಳು ಎರಡು ಬಗೆಯನ್ನು ಹೇಳುತ್ತವೆ: ಭೂಮಿ ಜಮ್ಮ ಮತ್ತು ಒಕ್ಕಲು ಜಮ್ಮ. ಭೂಮಿ ಜಮ್ಮದ ಆಳು ನೆಲಕ್ಕೆ ಅಂಟಿಕೊಂಡವನು, ಭೂಮಿ ಯಾರ ಕೈಗೆ ಹೋದರೆ ಅವನೂ ಅವರ ಕೈಗೆ. ಒಕ್ಕಲು ಜಮ್ಮದ ಆಳು ಯಜಮಾನನ ಸ್ವಂತ ಸೊತ್ತು, ಮಾರಬಹುದು, ಅಡವು ಇಡಬಹುದು. ಒಬ್ಬ ರೈತನ ಅಂಕೆಗೆ ಒಳಪಟ್ಟವರಷ್ಟೇ ಅಲ್ಲ, ರಾಜರ ಪಣ್ಯದ ಗದ್ದೆಗಳಲ್ಲೂ ದುಡಿದದ್ದು ಇಂಥ ಆಳುಗಳೇ. ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿದ್ದು 1843ರ 5ನೇ ಕಾಯ್ದೆಯಿಂದ. ಅದು ಶಿಕ್ಷಾರ್ಹ ಅಪರಾಧವಾದದ್ದು 1862ರಲ್ಲಿ ದಂಡ ಸಂಹಿತೆ ಜಾರಿಗೆ ಬಂದಾಗ.

ಆಳಿಗೆ ಹಣದ ಕೂಲಿ ಇಲ್ಲ. ಭತ್ತ, ವರ್ಷಕ್ಕೊಂದು ಬಟ್ಟೆ ಇಲ್ಲವೆ ಕಂಬಳಿ, ಹಬ್ಬಕ್ಕೆ ಒಂದಿಷ್ಟು ಹೆಂಡ, ಮನೆಯಲ್ಲಿ ಉಳಿದ ಅನ್ನ. ಇದರ ಜೊತೆಗೆ ಇನ್ನೊಂದು ಬಾಬತ್ತು ಇದೆ, ಯಾರೂ ಬರೆಯದೇ ಇದ್ದದ್ದು: ಸತ್ತ ಎತ್ತು. ಉಳುವ ಎತ್ತು ಬದುಕಿರುವ ತನಕ ಯಜಮಾನನದು. ಸತ್ತ ಕೂಡಲೇ ಅದು ಹೊಲೆಯನ ‘ಹಕ್ಕು’. ಎಳೆದು ಸಾಗಿಸುವ ಕೆಲಸ ಅವನದೇ, ಸುಲಿಯುವುದೂ ಅವನದೇ, ಅದಕ್ಕೆ ಪ್ರತಿಫಲ ಅದೇ ಮಾಂಸ. ಯಜಮಾನನಿಗೆ ಇದರಿಂದ ಒಂದು ಕಾಸೂ ಖರ್ಚಿಲ್ಲ, ಕೊಟ್ಟಿಗೆ ಶುದ್ಧ. ನಾನು ಹೇಳಬೇಕೆಂದಿರುವುದು ಇಷ್ಟೇ: ಸತ್ತ ದನದ ಮಾಂಸ ನಮ್ಮವರ ‘ಆಹಾರ ಪದ್ಧತಿ’ ಆಗಿರಲಿಲ್ಲ, ಅದು ಕೂಲಿಯ ಒಂದು ಭಾಗವಾಗಿತ್ತು. ಕೂಲಿಯನ್ನು ಕೊಟ್ಟವರೇ ಆಮೇಲೆ ಅದನ್ನು ತಿಂದವರ ಹುಟ್ಟುಗುಣ ಎಂದು ಬರೆಸಿದರು. ಅಂಬೇಡ್ಕರ್ ಈ ಪ್ರಶ್ನೆಯನ್ನು ಹಿಂದೆ, ಬಹಳ ಹಿಂದೆ ಒಯ್ಯುತ್ತಾರೆ: ಸೋತು ಚದುರಿದ ಜನ, ಬೌದ್ಧರು, ಬ್ರಾಹ್ಮಣರು ದನ ತಿನ್ನುವುದನ್ನು ಬಿಟ್ಟು ಹಸುವನ್ನು ಪೂಜೆಗೆ ಏರಿಸಿದ ಕಾಲ. ಆ ವಾದದ ಎಲ್ಲ ಕೊಂಡಿಗಳೂ ಕೊಡಗಿನಲ್ಲಿ ಸಿಗುತ್ತವೆ ಎಂದು ನಾನು ಹೇಳಲಾರೆ. ಆದರೆ ಬಡವನಾದ್ದರಿಂದ ಸತ್ತದ್ದು ತಿಂದ, ತಿಂದದ್ದರಿಂದ ಅವನನ್ನು ಹೊರಗಿಟ್ಟರು ಎಂಬ ಅವರ ತಿರುಳನ್ನು ಇಲ್ಲಿನ ಗದ್ದೆಯೇ ಹೇಳುತ್ತದೆ. ‘ಹೊಲೆಯ’ ಎಂಬ ಮಾತು ಹೊಲದಿಂದ ಬಂತೋ ಹೊಲೆಯಿಂದ, ಅಂದರೆ ಮೈಲಿಗೆಯಿಂದ, ಬಂತೋ ಅಂತ ಪಂಡಿತರು ಜಗಳ ಆಡುತ್ತಾರೆ. ಹೊಲದಲ್ಲಿ ದುಡಿದವನಿಗೇ ಹೊಲೆ ಅಂಟಿದ ಮೇಲೆ ಯಾವುದಾದರೇನು.

ಇನ್ನು ಅಕ್ಕಿಯ ವಿಚಾರ. ಕೊಡಗಿನ ಊಟ ಅಂದರೆ ಅಕ್ಕಿ. ನೂಪುಟ್ಟು, ಪಾಪುಟ್ಟು, ಕಡಂಬುಟ್ಟು, ಅಕ್ಕಿ ರೊಟ್ಟಿ ಎಲ್ಲವೂ ಅದೇ. ಆ ಅಕ್ಕಿಯ ಅಗೆ ಹಾಕಿದವರು, ನೆಟ್ಟವರು, ಕಳೆ ಕಿತ್ತವರು, ಕುಯ್ದವರು, ಒಕ್ಕಿದವರು ಯಾರು? ಹುತ್ತರಿಯ ರಾತ್ರಿ ಮನೆಯ ಯಜಮಾನ ಕೋವಿ ಹಾರಿಸಿ ಕದಿರು ಕುಯ್ದು ಮನೆ ತುಂಬಿಸುತ್ತಾನೆ, ಬಹಳ ಚೆಂದದ ಹಬ್ಬ ಅದು. ಆ ಪೈರಿಗೆ ಆರು ತಿಂಗಳು ಬೆನ್ನು ಬಗ್ಗಿಸಿದ ಹೆಣ್ಣಾಳುಗಳ ಕೈ ಮುಟ್ಟಿದ ಭತ್ತ ಕಣಜಕ್ಕೆ ಹೋಗುವಾಗ ಮೈಲಿಗೆ ಇಲ್ಲ. ಕುಟ್ಟಿ ಅಕ್ಕಿಯಾದಾಗಲೂ ಇಲ್ಲ. ಆ ಅಕ್ಕಿಗೆ ನೀರು ಬೆರೆತು ಬೆಂಕಿ ತಾಗಿ ಅನ್ನವಾಯಿತೋ, ಅದೇ ಕೈ ತಾಗಿದರೆ ಮೈಲಿಗೆ. ಮಾನವಶಾಸ್ತ್ರದವರು ಹಸಿ ಪದಾರ್ಥ, ಬೆಂದ ಪದಾರ್ಥ ಅಂತ ಇದಕ್ಕೆ ದೊಡ್ಡ ವಿವರಣೆ ಕೊಟ್ಟಿದ್ದಾರೆ. ನನಗೆ ಕಾಣುವುದು ಒಂದು ಅನುಕೂಲ. ದುಡಿಮೆ ಮುಟ್ಟಿದ್ದೆಲ್ಲ ಮೈಲಿಗೆ ಆದರೆ ಯಜಮಾನರು ಉಪವಾಸ ಸಾಯಬೇಕಾಗುತ್ತದೆ. ಆದ್ದರಿಂದ ದುಡಿಮೆ ಮುಗಿದು ಊಟ ಶುರುವಾಗುವ ಜಾಗದಲ್ಲಿ, ಅಂದರೆ ಅಡುಗೆಮನೆಯ ಹೊಸ್ತಿಲಲ್ಲಿ, ಮೈಲಿಗೆಯನ್ನು ಕೂರಿಸಲಾಗಿದೆ. ಹೆಂಗಸಾದ ನನಗೆ ಆ ಹೊಸ್ತಿಲ ಲೆಕ್ಕ ಬೇಗ ಅರ್ಥವಾಗುತ್ತೆ. ನಮ್ಮ ಹೆಂಗಸರು ಹಿತ್ತಲಲ್ಲಿ ಪಾತ್ರೆ ಬೆಳಗಬಹುದು, ಬೆಳಗಿದ ಪಾತ್ರೆ ಒಳಗೆ ಹೋಗಬಹುದು, ಬೆಳಗಿದವಳು ಮಾತ್ರ ಹೋಗುವಂತಿಲ್ಲ.

ಕಾಫಿ ಬಂದ ಮೇಲೂ ಇದೇ ಲೆಕ್ಕ. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ತೋಟ ಹಾಕಿದ ನಂತರ ಗುಡ್ಡ ಗುಡ್ಡವೇ ಕಾಫಿಯಾಯಿತು. ಆಳುಗಳು ಗದ್ದೆಯಿಂದ ತೋಟಕ್ಕೆ, ಗುಡಿಸಲಿನಿಂದ ಲೈನ್ ಮನೆಗೆ ಬಂದರು. ಜಮ್ಮದ ಬದಲಿಗೆ ಮುಂಗಡ ಬಂತು. ಯರವ ಹೆಣ್ಣುಮಗಳೊಬ್ಬಳು ಬುಟ್ಟಿ ಕಟ್ಟಿಕೊಂಡು ಕುಯ್ದ ಹಣ್ಣು ಸಮುದ್ರ ದಾಟಿ ಲಂಡನ್ನಿನ ಪಿಂಗಾಣಿ ಬಟ್ಟಲಿಗೆ ಹೋಗುತ್ತೆ, ಯಾರಿಗೂ ಹೇಸಿಗೆ ಇಲ್ಲ. ಅದೇ ಕಾಫಿಯನ್ನು ಅವಳಿಗೆ ಕೊಡಬೇಕಾದರೆ ಬೇರೆ ಲೋಟ.

ಇದರಿಂದ ಹೊರಬರಲು ನಮ್ಮವರು ಏನೂ ಮಾಡಲಿಲ್ಲವೆ? ಮಾಡಿದರು. ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗ್, ‘ಮಂಗಳೂರ ಸಮಾಚಾರ’ದ ಮೊಗ್ಲಿಂಗ್, 1850ರ ದಶಕದಲ್ಲಿ ಕೊಡಗಿಗೆ ಬಂದ. ಮೇಲಿನವರನ್ನು ಮುಟ್ಟಬೇಕೆಂಬ ಆಸೆಯಿಂದಲೇ ಬಂದದ್ದು. ಆದರೆ ಹೆಚ್ಚಾಗಿ ಬಾಗಿಲಿಗೆ ಬಂದವರು ಹೊಲೆಯರು. ಅವರಿಗಾಗಿ ಆನಂದಪುರ ಎಂಬ ಊರೇ ಆಯಿತು. ಗುಲಾಮನಾಗಿದ್ದವನಿಗೆ ಮತಾಂತರದಲ್ಲಿ ಮೊದಲು ಕಂಡದ್ದು ಸ್ವರ್ಗವೋ, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ತಿನ್ನುವ ರೊಟ್ಟಿಯೋ ಎಂಬುದನ್ನು ಮಿಶನರಿಗಳ ವರದಿ ಓದಿ ತಿಳಿಯುವುದು ಕಷ್ಟ. ಅವರ ವರದಿಯಲ್ಲಿ ಆತ್ಮಗಳ ಎಣಿಕೆ ಜಾಸ್ತಿ.

1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ಮೇಲೆ ಗಾಂಧೀಜಿ ಕೊಡಗಿಗೂ ಬಂದರು. ಆ ಯಾತ್ರೆಯುದ್ದಕ್ಕೂ ಹರಿಜನರಿಗೆ ಅವರು ಹೇಳುತ್ತಿದ್ದ ಬುದ್ಧಿಮಾತುಗಳಲ್ಲಿ ಸತ್ತ ದನ ಬಿಡಿ, ಹೆಂಡ ಬಿಡಿ ಎನ್ನುವುದು ಮುಖ್ಯವಾದದ್ದು. ಏಳು ವರ್ಷ ಮೊದಲು, 1927ರಲ್ಲಿ, ಮಹಾಡಿನಲ್ಲಿ ಅಂಬೇಡ್ಕರ್ ಕೂಡ ಸತ್ತ ದನದ ಮಾಂಸ ಬಿಡಿ ಎಂದು ಹೇಳಿದ್ದರು. ಮಾತು ಒಂದೇ, ಆದರೆ ಎರಡರ ಅರ್ಥ ಬೇರೆ. ಒಬ್ಬರು ಶುದ್ಧಿಗಾಗಿ ಬಿಡಿ ಎಂದರು, ಇನ್ನೊಬ್ಬರು ಮಾನಕ್ಕಾಗಿ. ಮಾನಕ್ಕಾಗಿ ಬಿಡುವುದು ಎಂದರೆ ಆ ಕೂಲಿಯನ್ನೇ ಒಲ್ಲೆ ಎನ್ನುವುದು. ಎಳೆಯುವ ಕೆಲಸವನ್ನೂ ಒಲ್ಲೆ ಎನ್ನುವುದು. ಮೊದಲನೆಯದನ್ನು ಊರವರು ಮೆಚ್ಚುತ್ತಾರೆ. ಎರಡನೆಯದಕ್ಕೆ ಬಹಿಷ್ಕಾರ ಹಾಕುತ್ತಾರೆ. ಸಂಸ್ಕೃತೀಕರಣದ ಪಾಠ ಈ ವ್ಯತ್ಯಾಸವನ್ನೇ ಅಳಿಸುತ್ತದೆ: ಹೊಲೆಯನೊಬ್ಬ ಸತ್ತ ದನ ಬಿಟ್ಟರೆ ‘ನೋಡಿ, ಬ್ರಾಹ್ಮಣರನ್ನು ಅನುಕರಿಸಿದ’ ಎನ್ನುತ್ತದೆ. ಅವನು ಅನುಕರಿಸಿದ್ದಲ್ಲ, ಮುಷ್ಕರ ಹೂಡಿದ್ದು. ಅಲ್ಲದೆ ಬಿಟ್ಟವರೆಲ್ಲ ಮೇಲೆ ಹತ್ತಿದರೆ ಅಂತ ನೋಡಿದರೆ, ಇಲ್ಲ. ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ಸತ್ತದ್ದು ತಂದಿಲ್ಲ. ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ಟಾಫ್‌ರೂಮಿನಲ್ಲಿ ಒಂದು ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ಪಂದಿ ಕರಿಗೆ ಕಾಚಂಪುಳಿ ಎಷ್ಟು ಹಾಕಬೇಕು, ಕೊಬ್ಬು ಎಷ್ಟಿರಬೇಕು ಅಂತ ಬಾಯಲ್ಲಿ ನೀರೂರಿಸುವಂತೆ ಹೇಳಿದರು. ನಾನೂ ಕೇಳಿಸಿಕೊಂಡೆ. ಮುಗಿದ ಮೇಲೆ ದನಿ ತಗ್ಗಿಸಿ ಕೇಳಿದರು, “ಮೇಡಂ, ನಿಮ್ಮಲ್ಲಿ... ಅದೂ ತಿಂತೀರಲ್ವಾ?” ಹಂದಿಗೆ ಪೂರ್ತಿ ಹೆಸರು, ಪಾಕವಿಧಾನ, ಅಳತೆ ಎಲ್ಲ ಉಂಟು. ದನಕ್ಕೆ ಮಾತ್ರ ‘ಅದು’. ನನ್ನ ಡಬ್ಬಿಯಲ್ಲಿ ಅವತ್ತು ಇದ್ದದ್ದು ಹುರುಳಿ ಸಾರು.

ಕೊಡವರೆಲ್ಲ ಹೀಗೆ ಎಂದು ನಾನು ಹೇಳುತ್ತಿಲ್ಲ. ಅವರಲ್ಲೂ ಬಡವರಿದ್ದಾರೆ, ನಮ್ಮ ಜೊತೆ ಕೂತು ಉಂಡವರಿದ್ದಾರೆ. ಬೆಂಗಳೂರಿಗೆ ಹೋದ ಕೊಡವ ಹುಡುಗನಿಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬಾಡಿಗೆ ಬೋರ್ಡು ಅಡ್ಡ ಬರುತ್ತದೆ. ಮೊದಲ ಗೆರೆಯ ಬಿಸಿ ಆಗ ಅವನಿಗೂ ತಾಗುತ್ತದೆ. ಅಲ್ಲಿಂದ ಊರಿಗೆ ಬಂದು ಎರಡನೆಯ ಗೆರೆಯನ್ನು ನೋಡಿದವರು ಎಷ್ಟು ಜನ ಎಂಬುದೇ ಪ್ರಶ್ನೆ.

ಆ ಮೊದಲ ಗೆರೆ ಈಚೆಗೆ ಕೊಡಗಿನ ಒಳಗೇ ಬಂದಿದೆ. 2022ರ ಆಗಸ್ಟಿನಲ್ಲಿ ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಮಳೆಹಾನಿ ನೋಡಲು ಜಿಲ್ಲೆಗೆ ಬಂದಾಗ ಅವರ ಕಾರಿಗೆ ಮೊಟ್ಟೆ ಎಸೆದರು. ಅದರ ಬೆನ್ನಿಗೇ, ಮಧ್ಯಾಹ್ನ ಮಾಂಸ ಉಂಡು ಕೊಡ್ಲಿಪೇಟೆಯ ಬಸವೇಶ್ವರ ದೇವಸ್ಥಾನಕ್ಕೆ ಹೋದರು ಎಂಬ ಆರೋಪ ಎದ್ದಿತು. ಅವರು ಉಂಡದ್ದು ಅಕ್ಕಿ ರೊಟ್ಟಿ, ಕಣಿಲೆ ಎಂದು ಅವರ ಕಡೆಯವರು ಸಮಜಾಯಿಷಿ ಕೊಟ್ಟರು. ತಿಂದರೋ ಬಿಟ್ಟರೋ ಎಂಬುದಕ್ಕಿಂತ, ಸಮಜಾಯಿಷಿ ಕೊಡಬೇಕಾಗಿ ಬಂದದ್ದು ಗಮನಿಸಬೇಕಾದ ಸಂಗತಿ. ಹಂದಿ ಮಾಂಸದ ಹೆಸರಲ್ಲಿ ಹೋಂಸ್ಟೇ ನಡೆಯುವ ಜಿಲ್ಲೆಯಲ್ಲಿ, ಕುರುಬ ಸಮುದಾಯದ ಒಬ್ಬ ನಾಯಕ ಹೊಟ್ಟೆಯೊಳಗೆ ಏನಿಟ್ಟುಕೊಂಡು ಗುಡಿಗೆ ಹೋದ ಎಂದು ರಾಜ್ಯವೇ ವಾರಗಟ್ಟಲೆ ಚರ್ಚಿಸಿತು. ಪಕ್ಕದ ಕುಕ್ಕೆ ಸುಬ್ರಹ್ಮಣ್ಯ, ಪುಷ್ಪಗಿರಿಯ ಆಚೆ ಮಗ್ಗುಲು, ಇನ್ನೂ ಕೆಟ್ಟ ಉದಾಹರಣೆ. ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಉರುಳುವ ಮಡೆಸ್ನಾನಕ್ಕೆ ತಡೆ ಬೀಳಬೇಕಾದರೆ 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಬಾಯಿ ಬಿಡಬೇಕಾಯಿತು. ಹಾಗೆ ನೋಡಿದರೆ ಎಂಜಲಿಗೂ ಜಾತಿ ಉಂಟು: ನಮ್ಮ ಎಂಜಲು ಹೊಲೆ, ಅವರ ಎಂಜಲು ಔಷಧಿ.

ಗೆಣಸು, ಏಡಿ, ಅಣಬೆ, ಕಣಿಲೆ: ಇವು ಯರವರ, ಜೇನುಕುರುಬರ, ಬೆಟ್ಟಕುರುಬರ ಕಾಡಿನ ಊಟ. ಇವತ್ತು ಹೋಟೆಲಿನ ಪಟ್ಟಿಯಲ್ಲಿ ಇವೇ ಕೊಡಗಿನ ವಿಶೇಷ ತಿನಿಸು. ಇವನ್ನು ಹುಡುಕಿ ಗುರುತಿಸುವ ಕಣ್ಣು ಆದಿವಾಸಿಯದು. ಕಾಡು ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಅವನು ಗೆಣಸು ಅಗೆದರೆ ಕಳ್ಳತನ. ಅದೇ ಕಾಡಿನ ಮೂರ್ಕಲ್ಲಿನಲ್ಲಿ ದೊಡ್ಡ ಕಂಪನಿಯೊಂದರ ಹೋಟೆಲು ಏಳುತ್ತಿದ್ದಾಗ ಅದನ್ನು ತಡೆಯಲು 1996ರಲ್ಲಿ ಆದಿವಾಸಿಗಳೇ ಬೀದಿಗೆ ಇಳಿಯಬೇಕಾಯಿತು, ಕೋರ್ಟಿಗೆ ಹೋಗಬೇಕಾಯಿತು. ಗೆದ್ದರು ಅನ್ನುವುದು ಸಮಾಧಾನ. ಕಿರು ಅರಣ್ಯ ಉತ್ಪನ್ನದ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಒಪ್ಪಿದೆ. ಹತ್ತು ವರ್ಷ ಕಳೆದು 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದರು. ಅವರಲ್ಲಿ ಅನೇಕರು ತೋಟದ ಲೈನ್ ಮನೆ ಸಾಕೆಂದು ಬಂದವರು. 2011ರ ಜನಗಣತಿಯ ಪ್ರಕಾರ ಕೊಡಗಿನ ಐದೂವರೆ ಲಕ್ಷ ಜನರಲ್ಲಿ ಪರಿಶಿಷ್ಟ ಜಾತಿಯವರು ಶೇಕಡಾ 13ರ ಹತ್ತಿರ, ಪರಿಶಿಷ್ಟ ಪಂಗಡದವರು ಶೇಕಡಾ 10ಕ್ಕೆ ಸ್ವಲ್ಪ ಮೇಲೆ. ನಾಲ್ಕರಲ್ಲಿ ಒಬ್ಬ. ಪ್ರವಾಸೋದ್ಯಮದ ಕೈಪಿಡಿಗಳಲ್ಲಿ ಈ ನಾಲ್ಕನೆಯವನ ಒಲೆ ಕಾಣುವುದಿಲ್ಲ.

ದೇವರಪುರದಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ಬೇಡು ಹಬ್ಬ ಆಗುತ್ತದೆ, ಕುಂಡೆ ಹಬ್ಬ ಎಂದೂ ಕರೆಯುತ್ತಾರೆ. ಯರವರು, ಜೇನುಕುರುಬರು ವೇಷ ಹಾಕಿ ಬಂದು ಕಂಡಕಂಡವರನ್ನು, ತೋಟದ ಸಾಹುಕಾರರನ್ನೂ, ಬಾಯಿಗೆ ಬಂದಂತೆ ಬಯ್ಯುತ್ತಾರೆ, ಕಾಸು ಬೇಡುತ್ತಾರೆ. ಕೊನೆಗೆ ದೇವರನ್ನೂ ಬಯ್ಯುತ್ತಾರೆ. ಅದಕ್ಕೆ ಅವರು ಹೇಳುವ ಕಾರಣ ಇದು: ಬೇಟೆಗೆ ಅಂತ ಜೊತೆಯಲ್ಲಿ ಕರೆದುಕೊಂಡು ಹೋದ ಅಯ್ಯಪ್ಪ, ಕಾಡಿನ ನಡುವೆ ಭದ್ರಕಾಳಿಯನ್ನು ಕಂಡು ಮರುಳಾಗಿ, ಇವರನ್ನು ಅಲ್ಲೇ ಬಿಟ್ಟು ಹೋದ. ಜಾನಪದ ವಿದ್ವಾಂಸರು ಇದನ್ನು ವರ್ಷಕ್ಕೊಮ್ಮೆ ಮನಸ್ಸು ಹಗುರ ಮಾಡಿಕೊಳ್ಳುವ 'ವಿಪರ್ಯಾಸದ ಆಚರಣೆ' ಎಂದು ವಿವರಿಸಬಹುದು. ನಾನು ಇದನ್ನು ಬೇಟೆಯ ಚರಿತ್ರೆ ಎಂದು ಓದುತ್ತೇನೆ. ಕೋವಿ ಹಿಡಿದವರ ಕಥೆಯಲ್ಲಿ ಬೇಟೆ ಶೌರ್ಯದಿಂದ ಶುರುವಾಗಿ ಊಟದಲ್ಲಿ ಮುಗಿಯುತ್ತದೆ. ಕಾಡು ಬಲ್ಲವರ ಕಥೆಯಲ್ಲಿ ಅದು ಪಾಲು ಸಿಗದೆ ನಡುದಾರಿಯಲ್ಲಿ ನಿಂತುಹೋಗುತ್ತದೆ, ಬೈಗುಳ ಅಲ್ಲಿಂದ ಹುಟ್ಟುತ್ತದೆ.

ನಮ್ಮ ದಲಿತ ವಿಮರ್ಶೆ ಸಾಹಿತ್ಯದಲ್ಲಿ ಈ ಕಡೆ ಬಹಳ ಹಿಂದೆಯೇ ಹೊರಳಿತು. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರು ಕದ್ದು ತಂದ ಮೂಟೆ ಕಡಲೆಕಾಯಿಯನ್ನು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುತ್ತಾರೆ, ಮಡಿ ಮೈಲಿಗೆಯ ಮಾತೇ ಅಲ್ಲಿ ಏಳುವುದಿಲ್ಲ, ಹಸಿವು ಅಷ್ಟು ದೊಡ್ಡದು. ಸಮಾಜ ವಿಜ್ಞಾನಕ್ಕೆ ಆ ಹೊರಳು ಇನ್ನೂ ಬಂದಿಲ್ಲ. ಆಹಾರ ಎಂದ ಕೂಡಲೇ ಶುದ್ಧ, ಅಶುದ್ಧ ಎಂಬ ಜೋಡಿಯನ್ನೇ ಹಿಡಿದುಕೊಳ್ಳುತ್ತದೆ. ಕೂಲಿ ಏನು ಕೊಟ್ಟರು, ಎಷ್ಟು ಕೊಟ್ಟರು, ಪ್ರಾಣಿಯ ಯಾವ ಭಾಗ ಯಾರ ಮನೆಗೆ ಹೋಯಿತು ಎಂದು ಕೇಳುವುದಿಲ್ಲ. ಮಾಂಸದ ತುಂಡು ಒಂದು ಕಡೆಗೆ, ಬೋಟಿ ಕರುಳು ಇನ್ನೊಂದು ಕಡೆಗೆ ಹೋಗುವುದರಲ್ಲೂ ಚರಿತ್ರೆ ಇದೆ.

ಇದನ್ನು ಕೇಳಿ ನೋಡೋಣ ಅಂತ ಕಳೆದ ವರ್ಷ ನನ್ನ ಎರಡನೇ ವರ್ಷದ ಬಿ.ಎ. ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮನೆಯ ಹಿರಿಯರನ್ನು ಕೇಳಿ, ಹಿಂದೆ ದುಡಿಮೆಗೆ ಪ್ರತಿಯಾಗಿ ಏನೇನು ಕೊಡುತ್ತಿದ್ದರು, ಅಥವಾ ಏನೇನು ಪಡೆಯುತ್ತಿದ್ದರು ಎಂದು ಪಟ್ಟಿ ಬರೆದು ತರಬೇಕು. ಎಲ್ಲ ಜಾತಿಯ ಮಕ್ಕಳೂ ಇರುವ ತರಗತಿ ಅದು. ಕೊಡುವ ಮನೆಗಳಿಂದ ಬಂದ ಪಟ್ಟಿಗಳು ಉದ್ದವಾಗಿದ್ದವು: ಭತ್ತ, ಬಟ್ಟೆ, ಮದುವೆಯ ಖರ್ಚು, ಕಾಯಿಲೆಗೆ ಮದ್ದು. ಪಡೆಯುವ ಮನೆಗಳ ಪಟ್ಟಿಗಳು ಗಿಡ್ಡ. ಕೆಲವು ಮಕ್ಕಳು ಹಾಳೆ ಖಾಲಿ ತಂದರು. ಮನೆಯಲ್ಲಿ ಬರೆಯಬೇಡ ಅಂದರಂತೆ. ಲೈನ್ ಮನೆಯಿಂದ ಬರುವ ಒಬ್ಬ ಹುಡುಗ ಮಾತ್ರ ಏಳು ಬಾಬತ್ತು ಬರೆದಿದ್ದ. ಭತ್ತ, ಉಪ್ಪು, ಒಣಮೀನು, ಕಂಬಳಿ, ಹಬ್ಬದ ಹೆಂಡ, ಮಿಕ್ಕ ಅನ್ನ, ಏಳನೆಯದು ಸತ್ತ ದನ. ಮಾರನೆಯ ದಿನ ಹಾಳೆ ವಾಪಸು ಕೇಳಿದ. “ತಾತ ಕೊನೇದು ಹೊಡೆದು ಹಾಕು ಅಂತಿದ್ದಾರೆ ಮೇಡಂ” ಅಂದ. ನಿನಗೇನು ಅನ್ನಿಸುತ್ತೆ ಅಂತ ಕೇಳಿದೆ. ಸ್ವಲ್ಪ ಹೊತ್ತು ನಿಂತ. ಹೊಡೆದು ಹಾಕಲಿಲ್ಲ, ಅದರ ಮುಂದೆ ಸಣ್ಣ ಅಕ್ಷರದಲ್ಲಿ ‘ಎಳೆದು ಹಾಕಿದ್ದಕ್ಕೆ’ ಎಂದು ಸೇರಿಸಿ ಕೊಟ್ಟು ಹೋದ.